ಸೋಲಲೆಂದೇ ಹೊರಟ ಮೂವರು ಸವಾರರು

ಆ ಶನಿವಾರ ಮೂವರಿಗೂ ವಹಿಸಿದ್ದ ಕೆಲಸ ಒಂದೇ. ಹತ್ತು ಗಂಟೆಗೆ ಸರಿಯಾಗಿ ಸೇತುವೆ ದಾಟಬೇಕು, ಏಟು ತಿನ್ನಬೇಕು, ಸೋತು ಓಡಬೇಕು, ಊಟದ ಹೊತ್ತಿಗೆ ಬೆಟ್ಟ ಸುತ್ತಿ ಕ್ಯಾಂಪ್ ಸೇರಬೇಕು.

ನಾನೂರು ವರ್ಷದ ಹತ್ತಿರ ಹತ್ತಿರ ಆಯಿತು, ಇಂಗ್ಲೆಂಡಿನಲ್ಲಿ ಅರಸನಿಗೂ ಪಾರ್ಲಿಮೆಂಟಿಗೂ ಯುದ್ಧ ಹತ್ತಿಕೊಂಡ ಹೊಸತರಲ್ಲಿ ಒಂದು ಸೇತುವೆಯ ಬಳಿ ಸಣ್ಣ ಕುದುರೆ ಕಾಳಗ ನಡೆದಿತ್ತು. ಪಾರ್ಲಿಮೆಂಟಿನ ಸವಾರರು ಹಿಂದೆ ಮುಂದೆ ನೋಡದೆ ನುಗ್ಗಿ, ಅರಸನ ಸವಾರರ ಕೈಗೆ ಸಿಕ್ಕಿ, ಕಾಲಿಗೆ ಬುದ್ಧಿ ಹೇಳಿದ್ದರು. ಅದನ್ನೇ ಮೆಲ್ಬರ್ನ್ ಆಚೆಯ ಬೆಟ್ಟಗಳಲ್ಲಿ ಒಂದು ಕ್ಲಬ್ಬಿನವರು ವರ್ಷಕ್ಕೊಮ್ಮೆ ಆಡುತ್ತಾರೆ. ಸೋಲುವ ಕಡೆಗೆ ಯಾರು ಬರುತ್ತಾರೆ ಹೇಳಿ? ಅದು ಹೊಸಬರಾದ ಈ ಮೂವರ ತಲೆಗೆ ಬಂದಿತ್ತು.

ಮೈಸೂರಿನ ಚಂದ್ರಶೇಖರ್ ಸಿಡ್ನಿಯ ನಾರ್ವೆಸ್ಟ್‌ನಲ್ಲಿ ಪ್ರಾಜೆಕ್ಟ್ ಮ್ಯಾನೇಜರ್. ನಿವೇದಿತಾಳ ಆಫೀಸು ನಾರ್ತ್ ಸಿಡ್ನಿ. ಮೂವರಲ್ಲಿ ಕುದುರೆ ಚೆನ್ನಾಗಿ ಬಲ್ಲವಳು ಅವಳೇ. ಧಾರವಾಡದ ವಿರುಪಾಕ್ಷನ ಮನೆ ಮೆಲ್ಬರ್ನಿನ ಟಾರ್ನೀಟ್. ಗುರುವಾರ ಅವನ ಮನೆಯಲ್ಲೇ ಆಯುಧಪೂಜೆ ಆಯಿತು. ಮೊಂಡು ಕತ್ತಿ, ಹೆಲ್ಮೆಟ್ಟು, ಜೀನುಗಳನ್ನೆಲ್ಲ ದೇವರ ಮುಂದಿಟ್ಟು, ವಿರುಪಾಕ್ಷನ ಹೆಂಡತಿ ನೇತ್ರಾ ಕುಂಕುಮವಿಟ್ಟು ಚೆಂಡುಹೂ ಸುರಿದಿದ್ದಳು. ಮರುದಿನ ವಿಜಯದಶಮಿಯ ಬೆಳಿಗ್ಗೆ ಅವನ್ನೆಲ್ಲ ಎತ್ತಿ ಕಾರಿಗೆ ತುಂಬಿದವನು ಚಂದ್ರಶೇಖರ್. ತಂಡದ ಸುರಕ್ಷತೆಯ ಹೊಣೆ ಅವನದು. ಪಟ್ಟಿ ಹಿಡಿದು ಒಂದೊಂದಕ್ಕೂ ಟಿಕ್ ಹಾಕಿದ್ದ.

ಸೇತುವೆಯ ಕಾಳಗ ಚೆನ್ನಾಗಿಯೇ ನಡೆಯಿತು. ಮರದ ಮರೆಯಿಂದ ಅರಸನ ಕಡೆಯ ಐವರು ಕೂಗುತ್ತ ನುಗ್ಗಿದರು. ಕತ್ತಿಗೆ ಕತ್ತಿ ಬಡಿಯಿತು.

“ಓಡ್ರಿ, ಓಡ್ರಿ! ಸೋತ್ವಿ!” ಎಂದು ವಿರುಪಾಕ್ಷ ಗೆದ್ದವನ ಖುಷಿಯಲ್ಲಿ ಕೂಗಿದ.

ಮೂವರೂ ಬೆಟ್ಟದ ಮೇಲೆ ಕುದುರೆ ಓಡಿಸಿದರು. ಗೆದ್ದವರು ನಗುತ್ತ ಕ್ಯಾಂಪಿನತ್ತ ತಿರುಗಿದರು. ಮೇಲೆ ಹೋದಂತೆ ಯೂಕಲಿಪ್ಟಸ್ ಮರಗಳು ಕುಳ್ಳಾಗುತ್ತ, ಗಾಳಿಗೆ ತಿರುಚಿಕೊಳ್ಳುತ್ತ ಹೋದವು. ಹಿಂದಿನ ಬೇಸಿಗೆಗಳ ಕಾಳ್ಗಿಚ್ಚಿಗೆ ಸುಟ್ಟು, ಬಿಸಿಲು ಮಳೆಗೆ ಬಿಳಿಚಿದ ಬೊಡ್ಡೆಗಳು ಇಡೀ ಇಳಿಜಾರಿನ ತುಂಬ ನಿಂತಿದ್ದವು. ಅಕ್ಟೋಬರಿನ ಬಿಸಿಲು ಇದ್ದಕ್ಕಿದ್ದಂತೆ ಮಾಯವಾಗಿ, ಮೋಡ ಕೆಳಗಿಳಿದು, ಸಣ್ಣಗೆ ಆಲಿಕಲ್ಲು ಉದುರತೊಡಗಿತು.

ಪೊದೆಯಿಂದ ಒಂದು ವಾಲಬಿ, ಕಾಂಗರೂವಿನ ಸಣ್ಣ ಜಾತಿ, ಚಂಗನೆ ಹಾರಿತು.

ವಿರುಪಾಕ್ಷನ ಕುದುರೆ ಬೆದರಿತು. ದಾರಿ ಬಿಟ್ಟು ಇಳಿಜಾರಿಗೆ ನುಗ್ಗಿತು. ಅವನು ಲಗಾಮು ಎಳೆದ. ಕುದುರೆ ಜಾರಿತು. ಮನುಷ್ಯ ಒಂದು ಕಡೆ ಬಿದ್ದ, ಕುದುರೆ ಎದ್ದು ಕಾಡಿನೊಳಗೆ ಓಡಿಯೇ ಹೋಯಿತು.

ಚಂದ್ರಶೇಖರ್ ತೆವಳುತ್ತ ಇಳಿದು ನೋಡಿದರೆ, ವಿರುಪಾಕ್ಷನ ಬಲತೊಡೆ ಬಾಗಬಾರದ ಕಡೆ ಬಾಗಿತ್ತು.

“ಅಲ್ಲಾಡಿಸ್ಬೇಡಿ!” ನಿವೇದಿತಾ ಮೇಲಿನಿಂದ ಕೂಗಿದಳು. “ಫೋನ್‌ನಲ್ಲಿ ಸಿಗ್ನಲ್ ಇಲ್ಲ. ಬೀಕನ್ ಒತ್ತಿ, ಚಂದ್ರು!”

ಬೀಕನ್ ಎಂದರೆ ಅಂಗೈಯಗಲದ ಹಳದಿ ಡಬ್ಬಿ. ಗುಂಡಿ ಒತ್ತಿದರೆ ಸಾಕು, ನಾವಿರುವ ಜಾಗ ಉಪಗ್ರಹದಿಂದ ರಕ್ಷಣಾ ಪಡೆಗೆ ತಿಳಿಯುತ್ತದೆ. ಚಂದ್ರಶೇಖರ್ ಚೀಲಕ್ಕೆ ಕೈ ಹಾಕಿದ. ಆ ಜೇಬು ನೋಡಿದ, ಈ ಜೇಬು ನೋಡಿದ. ಆಮೇಲೆ ಅವನ ಕೈ ಹಾಗೇ ನಿಂತಿತು.

ಅಯ್ಯೋ ದೇವರೇ! ಪೂಜೆಗೆ ಅದನ್ನೂ ಇಟ್ಟಿದ್ದ, ತನ್ನ ಕೈಯಾರೆ. ಮರುದಿನ ಎಲ್ಲ ಎತ್ತುವಾಗ ಹಳದಿ ಹೂವಿನ ರಾಶಿಯಲ್ಲಿ ಹಳದಿ ಡಬ್ಬಿ ಕಂಡಿರಲಿಲ್ಲ. ಪೂಜೆಗಿಟ್ಟಾಗ ಕಂಡದ್ದೇ ಸಾಕೆಂದು ಪಟ್ಟಿಗೆ ಟಿಕ್ ಹಾಕಿದ್ದ.

ಅವನು ಮೇಲೆ ಹತ್ತಿ ನಿವೇದಿತಾಳ ಕಿವಿಯಲ್ಲಿ ಹೇಳಿದ. ಅವಳು ಬಯ್ಯಲಿಲ್ಲ.

“ರೋಡಿಗೆ ಆರು ಕಿಲೋಮೀಟರ್. ನಾನು ಹೋಗ್ತೀನಿ. ಬೆಚ್ಚಗಿಟ್ಟಿರಿ, ನಿದ್ದೆ ಮಾಡೋಕೆ ಬಿಡ್ಬೇಡಿ,” ಎಂದವಳೇ ಮಂಜಿನೊಳಗೆ ಕುದುರೆ ಓಡಿಸಿದಳು.

ಚಂದ್ರಶೇಖರ್ ಜೀನಿನ ಕೆಳಗಿನ ಕಂಬಳಿ ತಂದು ಗೆಳೆಯನಿಗೆ ಹೊದಿಸಿದ, ತನ್ನ ಕೋಟನ್ನೂ ಹೊದಿಸಿದ. ಅಷ್ಟಕ್ಕೆ ಅವನು ಮಾಡಬಹುದಾದದ್ದೆಲ್ಲ ಮುಗಿಯಿತು.

“ಚಂದ್ರೂ,” ವಿರುಪಾಕ್ಷ ಹಲ್ಲು ಕಡಿಯುತ್ತ ಕೇಳಿದ, “ಬೀಕನ್ ಒತ್ತಿದೇನಪಾ?”

“ಒತ್ತಿದೀನಿ ಕಣೋ. ಬರ್ತಾರೆ.”

ಬಾಯಿಂದ ಬಂದ ಸುಳ್ಳನ್ನು ನುಂಗುವಂತಿರಲಿಲ್ಲ. ವಿರುಪಾಕ್ಷ ಮೋಡದ ಕಡೆ ಕಣ್ಣು ನೆಟ್ಟ.

ಹನ್ನೊಂದಾಯಿತು, ಹನ್ನೆರಡಾಯಿತು. ಆಲಿಕಲ್ಲು ನಿಂತು ಮಳೆ ಹಿಡಿಯಿತು.

“ಹೆಲಿಕಾಪ್ಟರ್ ಎಷ್ಟೊತ್ತಿಗೆ ಬರ್ತದಪಾ?”

“ಮೋಡ ಇದೆಯಲ್ಲ, ಸುತ್ತು ಹಾಕ್ಕೊಂಡು ಬರ್ತಿರ್ಬೇಕು.”

“ಸಿಗ್ನಲ್ ಮುಟ್ಟಿರ್ತದಲ್ಲ?”

“ಮುಟ್ಟಿರತ್ತೆ. ಮಾತಾಡ್ಬೇಡ, ಸುಸ್ತಾಗತ್ತೆ.”

ವಿರುಪಾಕ್ಷನ ತುಟಿ ನೀಲಿಗಟ್ಟುತ್ತಿತ್ತು. ಚಂದ್ರಶೇಖರ್ ಅವನ ಕೈ ಉಜ್ಜಿದ, ಹಣೆ ಒರೆಸಿದ, ಎದ್ದು ದಾರಿ ನೋಡಿದ, ಮತ್ತೆ ಕೂತ. ಆಫೀಸಿನಲ್ಲಿ ಏನೇ ಕೈಕೊಟ್ಟರೂ ಯಾರಿಗಾದರೂ ಫೋನ್ ಮಾಡಿ ಕೂಗಾಡಬಹುದಿತ್ತು. ಇಲ್ಲಿ ಕೂಗಿದರೆ ಸುಟ್ಟ ಮರಗಳಿಗೆ ಕೇಳಬೇಕು. ಇವನು ಸತ್ತರೆ ಕೊಂದವನು ನಾನೇ ಎಂಬ ಮಾತು ತಲೆಯಿಂದ ಇಳಿಯಲೇ ಇಲ್ಲ, ಅವನು ಮುಖ ತಿರುಗಿಸಿಕೊಂಡು ಅತ್ತುಬಿಟ್ಟ.

ಎರಡೂವರೆಗೆ ಕೆಳಗಿನಿಂದ ಸೀಟಿ ಕೇಳಿತು. ಆಮೇಲೆ ನಿವೇದಿತಾಳ ದನಿ. ಹಿಂದೆ ಕಿತ್ತಳೆ ಅಂಗಿಯ ಎಂಟು ಜನ ರಕ್ಷಣಾ ಪಡೆಯವರು, ಅವರ ಜತೆ ಅರಸನ ಕಡೆಯ ಸವಾರರೂ ಇದ್ದರು. ಮೋಡದಿಂದ ಹೆಲಿಕಾಪ್ಟರ್ ಇಳಿಯುವ ಮಾತೇ ಇರಲಿಲ್ಲ.

ಸ್ಟ್ರೆಚರ್ ಹೊತ್ತರು. ಜಾರಿದರು, ಎದ್ದರು, ಭುಜ ಬದಲಿಸಿದರು. ಎಡಬದಿಯ ಹಿಡಿಯನ್ನು ಚಂದ್ರಶೇಖರ್ ಯಾರಿಗೂ ಬಿಟ್ಟುಕೊಡಲಿಲ್ಲ. ಅಂಗೈ ಸುಲಿದು ರಕ್ತ ಬಂದರೂ ಬಿಡಲಿಲ್ಲ. ರಸ್ತೆಯಲ್ಲಿ ಆಂಬುಲೆನ್ಸ್ ಕಂಡಾಗ ಇನ್ನೂ ಬೆಳಕಿತ್ತು.

ಮರುದಿನ ಮಧ್ಯಾಹ್ನ, ಮೆಲ್ಬರ್ನಿನ ಆಸ್ಪತ್ರೆ. ಆಪರೇಷನ್ ಆಗಿತ್ತು, ಕಾಲು ಉಳಿಯುತ್ತದೆ, ನಡೆಯುತ್ತಾನೆ ಎಂದು ಡಾಕ್ಟರು ಹೇಳಿದ್ದರು. ನೇತ್ರಾ ಬ್ಯಾಗಿನಿಂದ ಹಳದಿ ಡಬ್ಬಿ ತೆಗೆದಳು. ಕುಂಕುಮ ಇನ್ನೂ ಅಂಟಿಕೊಂಡಿತ್ತು. ಅದರ ದಾರವನ್ನು ಚಂದ್ರಶೇಖರನ ಕೊರಳಿಗೆ ಹಾಕಿದಳು.

“ಚಂದ್ರಣ್ಣಾ, ಮುಂದಿನ ವರ್ಷ ಇದರ ಪೂಜಿ ನಿಮ್ಮ ಕೊರಳಾಗ ಇದ್ದಾಗನ ಆಗ್ತದ. ತಗಿಯಂಗಿಲ್ಲ.”

ಅವನು ತಲೆ ತಗ್ಗಿಸಿ ಮಂಚದ ಕಡೆ ತಿರುಗಿದ. “ವಿರೂ, ನಾನು ಸುಳ್ಳು ಹೇಳ್ದೆ ಕಣೋ. ಬೀಕನ್ ಇರ್ಲೇ ಇಲ್ಲ.”

“ಗೊತ್ತಿತ್ತು,” ಎಂದ ವಿರುಪಾಕ್ಷ. “ಬೀಕನ್ ಇದ್ದಿದ್ರ ಆ ಹುಡುಗೀನ್ನ ಮಳ್ಯಾಗ ಯಾಕ ಓಡಿಸ್ತಿದ್ದಿ?”

“ಮತ್ತೆ ಅಷ್ಟು ಸಲ ಯಾಕೆ ಕೇಳ್ದೆ?”

ವಿರುಪಾಕ್ಷ ದಿಂಬಿನ ಮೇಲೆ ತಲೆ ಸರಿಪಡಿಸಿಕೊಂಡ.

“ನೀ ಭಾಳ ಹೆದರಿದ್ದಿ. ನಾ ಸುಮ್ಮನಾದ್ರ ಇನ್ನೂ ಹೆದರ್ತಿದ್ದಿ. ಅದಕ್ಕ ಕೇಳ್ಕೋತ ಇದ್ದೆ.”