ಮಂಗಳೂರಿಗೆ ಬಂದ ಬಡ್ತಿ

ಸ್ವಸ್ತಿಕನಿಗೆ ಸುಳ್ಳು ಹೇಳುವ ಕಲೆ ಇರಲಿಲ್ಲ. ಹದಿನೇಳು ತುಂಬಿದ ಹುಡುಗನಿಗೆ ಇರಬೇಕಾದಷ್ಟೂ ಇರಲಿಲ್ಲ. ಬಾಯಿ ತೆರೆಯುವ ಮೊದಲೇ ಕಿವಿ ಕೆಂಪಾಗುತ್ತಿತ್ತು. ಹಾಗಾಗಿ ಆ ಭಾನುವಾರ ಬೆಳಿಗ್ಗೆ, ಡಮ್ ಡಮ್‌ನ ಬ್ಯಾಂಕ್ ಕ್ವಾರ್ಟರ್ಸಿನಲ್ಲಿ ಎಲ್ಲರೂ ನಗುತ್ತಿದ್ದಾಗ, ಅವನೊಬ್ಬ ಮಿಠಾಯಿ ಪೆಟ್ಟಿಗೆ ಹಿಡಿದು ಪೆಚ್ಚಾಗಿ ನಿಂತದ್ದು ಅಜ್ಜಿಯ ಕಣ್ಣಿಗೆ ಬಿತ್ತು.

ನಗಲು ಕಾರಣವಿತ್ತು. ಮೂರು ಸಲ ಸಂದರ್ಶನಕ್ಕೆ ಹೋಗಿ ಮೂರು ಸಲವೂ ಸೋತಿದ್ದ ಅಪ್ಪ ಅಣ್ಣಪ್ಪನವರಿಗೆ ಕೊನೆಗೂ ಬಡ್ತಿ ಬಂದಿತ್ತು. ಜೊತೆಗೆ ವರ್ಗ, ಅದೂ ಸ್ವಂತ ಊರು ಮಂಗಳೂರಿಗೆ! ಹನ್ನೊಂದು ವರ್ಷದ ಕೋಲ್ಕತ್ತ ವಾಸ ಜೂನ್‌ಗೆ ಮುಗಿಯುತ್ತಿತ್ತು. ಅಮ್ಮ ಕುಸುಮಾವತಿ ಆಗಲೇ ಯಾವ ಪಾತ್ರೆ ಒಯ್ಯುವುದು, ಯಾವುದು ಕೆಲಸದವಳಿಗೆ ಕೊಡುವುದು ಎಂದು ಬೇರ್ಪಡಿಸುತ್ತಿದ್ದರು. ಎಲ್ಲರಿಗಿಂತ ಹೆಚ್ಚು ಹಿಗ್ಗಿದವಳು ಅಣ್ಣಪ್ಪನವರ ತಾಯಿ ತುಂಗಮ್ಮ. "ಈ ಸಿಹಿನೀರಿನ ಮೀನು ತಿಂದು ತಿಂದು ನಾಲಗೆ ಸತ್ತೇ ಹೋಗಿತ್ತು. ಇನ್ನು ಕಡಲಮೀನು ತಿಂದು ಸಾಯ್ತೇನೆ. ಎಂತ ಮಗಾ, ನಿನ್ನ ಮುಖ ಎಂತಕ್ಕೆ ಸುಟ್ಟ ಬದನೆಯ ಹಾಗೆ ಉಂಟು?"

"ನಾನು ಬರುದಿಲ್ಲ ಅಜ್ಜಿ. ಇಲ್ಲೇ ಕಾಲೇಜ್ ಮಾಡ್ತೇನೆ."

"ಓಹೋ. ಬಂಗಾಳಿ ಹುಡುಗಿ ಉಂಟಾ?"

"ಹುಡುಗಿ ಅಲ್ಲ," ಅಂದ ಸ್ವಸ್ತಿಕ. ಕಿವಿ ಕೆಂಪಾಗಲಿಲ್ಲ. "ಪ್ರಾಂತಿಕ್."

ಅಜ್ಜಿ ಮೊದಲು ನಕ್ಕಳು. ಪ್ರಾಂತಿಕ್ ಅವಳ ಮುದ್ದಿನ ಹುಡುಗನಾಗಿದ್ದ. ಎರಡು ವರ್ಷದ ಹಿಂದೆ ಕೋಚಿಂಗ್ ಕ್ಲಾಸಿನ ನೋಟ್ಸ್ ಕೇಳಲು ಬಂದವನನ್ನು ಕೂರಿಸಿಕೊಂಡು ಅವಳು ಕನ್ನಡ ಕಲಿಸಿದ್ದಳು. ಬೇರೆ ಯಾರಿಂದಲೂ ಆ ಭಾಷೆ ಕಲಿಯದ ಅವನು ಅವಳ ಹಾಗೆಯೇ ಮಾತಾಡುತ್ತಿದ್ದ. ಎಲ್ಲರನ್ನೂ 'ಮಗಾ' ಎನ್ನುತ್ತಿದ್ದ, ಕೆಮ್ಮು ಬಂದರೆ 'ಅಯ್ಯೋ ದೇವರೇ' ಎಂದು ಸೊಂಟ ಹಿಡಿದುಕೊಳ್ಳುತ್ತಿದ್ದ. ಮೊಮ್ಮಗನಿಗಿಂತ ಅವನ ಕನ್ನಡವೇ ಚೆನ್ನ ಎಂದು ತುಂಗಮ್ಮ ಊರಿಗೆ ಫೋನ್ ಮಾಡಿದಾಗಲೆಲ್ಲ ಹೇಳುತ್ತಿದ್ದಳು. ದುರ್ಗಾಪೂಜೆಯ ರಜೆಯಲ್ಲಿ ಎಸ್ಪ್ಲನೇಡಿನ ಫುಟ್‌ಪಾತಿನ ಮೇಲೆ ಒಂದೇ ಎಗ್ ರೋಲನ್ನು ಇಬ್ಬರೂ ಮುರಿದು ತಿನ್ನುತ್ತಿದ್ದಾಗ ಪ್ರಾಂತಿಕ್ ಹೇಳಿದ್ದೂ ಆ ಮುದುಕಿಯ ಕನ್ನಡದಲ್ಲೇ. "ಮಗಾ, ನಂಗೆ ನಿನ್ನ ಮೇಲೆ ಮನಸ್ಸುಂಟು." ಸ್ವಸ್ತಿಕ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ಪ್ರಾಂತಿಕ್ ನಗದೆ ಇವನ ಮುಖವನ್ನೇ ನೋಡುತ್ತ ಕಾದಿದ್ದ. ಆಗ ಇವನ ನಗು ನಿಂತಿತು. "ನಂಗೂ ಉಂಟು" ಎಂದಿದ್ದ.

ಈಗ ಮನೆಯಲ್ಲಿ ಅದನ್ನೇ ಹೇಳಿದ. ಸುತ್ತಿ ಬಳಸಲಿಲ್ಲ, ಅಳಲಿಲ್ಲ. ದೊಡ್ಡವರು ಮೂವರು ಎದುರಿಗಿದ್ದಾಗ, ತಪ್ಪಿಸಿಕೊಳ್ಳಲು ಬಾಗಿಲಿರುವ ಕೋಣೆಯೂ ಇಲ್ಲದ ಮನೆಯಲ್ಲಿ ಹೀಗೆ ಹೇಳಲು ಎದೆ ಬೇಕು. ಆ ಎದೆ ಅವನಿಗಿತ್ತು.

ತುಂಗಮ್ಮನ ಕೈಯಲ್ಲಿದ್ದ ಮಿಠಾಯಿ ತಟ್ಟೆಗೆ ಮರಳಿತು. ಅವಳು ಮೊಮ್ಮಗನನ್ನು ಬಿಟ್ಟು ಸೊಸೆಯ ಕಡೆ ತಿರುಗಿದಳು.

"ನಿನ್ನ ಹೊಟ್ಟೆಯ ಗುಣ ಇದು. ನಮ್ಮ ವಂಶದಲ್ಲಿ ಇಂಥದ್ದಿರಲಿಲ್ಲ."

ಹತ್ತೊಂಬತ್ತು ವರ್ಷ ಅತ್ತೆಯ ಮಾತು ನುಂಗಿದವರು ಕುಸುಮಾವತಿ. ಸಾರಿಗೆ ಉಪ್ಪು ಹೆಚ್ಚಾದರೂ ಅವರ ತವರನ್ನೇ ಎಳೆದು ತರುತ್ತಿದ್ದಳು ಆ ಮುದುಕಿ. ಇವತ್ತು ಅವರ ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ. "ನನ್ನ ಹೊಟ್ಟೆಯನ್ನು ಎಷ್ಟು ಬೇಕಾದರೂ ಬಯ್ಯಿರಿ ಅತ್ತೆ, ನನಗೆ ರೂಢಿ ಉಂಟು. ಮಗುವನ್ನು ಬಯ್ಯಬೇಡಿ... ಅವನು ನಿಮ್ಮ ಹತ್ತಿರ ನಿಜ ಹೇಳಿದ್ದು."

"ನಿಜವಂತೆ ನಿಜ. ಅಣ್ಣಪ್ಪಾ, ಇವನನ್ನು ಊರಿಗೆ ಎಳೆದುಕೊಂಡು ಹೋಗುವ. ನಾಲ್ಕು ಜನರ ಕಣ್ಣೆದುರು ಇದ್ದರೆ ಸರಿಯಾಗ್ತಾನೆ. ಆ ಹುಡುಗ ಇನ್ನು ಹೊಸ್ತಿಲು ದಾಟಿದರೆ ನಾನು ಈ ಮನೆಯಲ್ಲಿಲ್ಲ."

ಅಣ್ಣಪ್ಪನವರು ಮಗನನ್ನು ಒಂದೇ ಪ್ರಶ್ನೆ ಕೇಳಿದರು. "ಇಂಥ ಮದುವೆಗೆ ಕಾನೂನಿನ ಒಪ್ಪಿಗೆಯೂ ಇಲ್ಲ. ಗೊತ್ತಾ?"

"ಗೊತ್ತು."

ಆಮೇಲೆ ನಾಲ್ಕು ದಿನ ಅವರು ಮಾತಾಡಲಿಲ್ಲ. ಆ ಮೌನ ಸ್ವಸ್ತಿಕನಿಗೆ ಬೈಗುಳಕ್ಕಿಂತ ಕೆಟ್ಟದಾಗಿತ್ತು. ತಟ್ಟೆಯ ಮುಂದೆ ಕೂತರೆ ಅನ್ನ ಇಳಿಯುತ್ತಿರಲಿಲ್ಲ. ಪ್ರಾಂತಿಕನ ಅಕ್ಕ ಸೆಕ್ಟರ್ ಫೈವಿನ ಸಾಫ್ಟ್‌ವೇರ್ ಕಂಪನಿಯಲ್ಲಿದ್ದಳು. ಓಡಿ ಬಂದರೆ ಜಾಗ ಕೊಡುತ್ತಾಳೆ ಎಂದು ಪ್ರಾಂತಿಕ್ ಹೇಳಿ ಕಳಿಸಿದ್ದ. ಸ್ವಸ್ತಿಕ ಹೋಗಲಿಲ್ಲ. ಓಡಿಹೋದರೆ ತಪ್ಪು ಮಾಡಿದವನಾಗುತ್ತೇನೆ, ನಾನು ತಪ್ಪು ಮಾಡಿಲ್ಲ ಎಂದು ಹಟ ಹಿಡಿದ.

ಗುರುವಾರ ಸಂಜೆ ಅಣ್ಣಪ್ಪನವರು ಷೂ ಬಿಚ್ಚುವ ಮೊದಲೇ ಟೈಪ್ ಮಾಡಿದ ಕಾಗದವೊಂದರ ನಕಲನ್ನು ಮೇಜಿನ ಮೇಲಿಟ್ಟರು. ಬಡ್ತಿ ಬೇಡವೆಂದು ಬ್ಯಾಂಕಿಗೆ ಕೊಟ್ಟ ಪತ್ರ ಅದು.

"ನಿಂಗೆ ಮರುಳಾ?" ಅಂದಳು ತುಂಗಮ್ಮ.

"ಊರಿನಲ್ಲಿ ಇವನಿಗೆ ನಲವತ್ತು ಜನ ಚಿಕ್ಕಪ್ಪ ದೊಡ್ಡಪ್ಪಂದಿರು ಅಮ್ಮ. ಸಿಕ್ಕಿದವರೆಲ್ಲ ಕೇಳ್ತಾರೆ, ಮದುವೆ ಯಾವಾಗ ಅಂತ. ಒಂದೋ ಇವನು ಜೀವನವಿಡೀ ಸುಳ್ಳು ಹೇಳಬೇಕು, ಇಲ್ಲದಿದ್ದರೆ... ಅದು ನನ್ನಿಂದ ನೋಡಲಿಕ್ಕೆ ಆಗುದಿಲ್ಲ. ಇಲ್ಲಿ ನಾವು ಹೊರಗಿನವರು. ನಮ್ಮನ್ನು ಯಾರೂ ಏನೂ ಕೇಳುದಿಲ್ಲ. ಹನ್ನೊಂದು ವರ್ಷ ಅದನ್ನೇ ಬೈದೆ. ಈಗ ಅದೇ ಉಪಯೋಗಕ್ಕೆ ಬಂತು."

"ಅಪ್ಪ," ಅಂದ ಸ್ವಸ್ತಿಕ. "ನಿಮಗೆ... ಅರ್ಥ ಆಯ್ತಾ?"

"ಇಲ್ಲ. ಅರ್ಥವಾಗದ ಎಷ್ಟೋ ಸರ್ಕ್ಯುಲರಿಗೆ ಸಹಿ ಹಾಕಿದ್ದೇನೆ. ಇದಕ್ಕೂ ಹಾಕಿದೆ. ನೀನು ಊಟ ಮಾಡು."

ಸ್ವಸ್ತಿಕ ಊಟ ಮಾಡಿದ. ಎರಡನೆಯ ಸಲ ಅನ್ನ ಹಾಕುವಾಗ ಕುಸುಮಾವತಿ ಅವನ ತಲೆಯ ಮೇಲೆ ಕೈಯಿಟ್ಟರು. ಆಗ ಮಾತ್ರ ಅವನು ಅತ್ತ... ಸಣ್ಣ ಮಗುವಿನ ಹಾಗೆ, ಬಾಯಲ್ಲಿ ತುತ್ತು ಇಟ್ಟುಕೊಂಡೇ.

ತುಂಗಮ್ಮ ಆಡಿದ ಮಾತಿಗೆ ತಪ್ಪುವವಳಲ್ಲ. ಮುಂದಿನ ವಾರ ಕಿರಿಯ ಮಗ ಹಯವದನ ಬಂದು ಅವಳನ್ನು ಹೌರಾ ಸ್ಟೇಷನ್ನಿಗೆ ಕರೆದೊಯ್ದ. ಯಾರೂ ಕರೆಯದೆ ಪ್ರಾಂತಿಕ್ ಬಂದಿದ್ದ. ಅವಳ ಟ್ರಂಕನ್ನು ತಲೆಯ ಮೇಲೆ ಹೊತ್ತು ಬೋಗಿಯ ಸೀಟಿನ ಕೆಳಗೆ ತಳ್ಳಿದ, ನೀರಿನ ಬಾಟಲಿ ತುಂಬಿಸಿ ಕೊಟ್ಟ.

"ಹುಷಾರು ಅಜ್ಜಿ. ಕಾಲು ನೀಡಿ ಕೂರುದು, ಇಲ್ಲದಿದ್ದರೆ ಬೀಗಿಕೊಳ್ತದೆ."

ತುಂಗಮ್ಮ ಬಾಟಲಿ ತೆಗೆದುಕೊಂಡಳು. ಮುಖ ಮಾತ್ರ ಇನ್ನೊಂದು ಕಿಟಕಿಯ ಕಡೆಗಿತ್ತು. ರೈಲು ಹೊರಟಿತು. ಇಬ್ಬರು ಹುಡುಗರು ಪ್ಲಾಟ್‌ಫಾರ್ಮಿನ ಜನಜಂಗುಳಿಯಲ್ಲಿ ಭುಜಕ್ಕೆ ಭುಜ ತಾಗಿಸಿ ನಿಂತಿದ್ದರು. ಆ ಭುಜ ಆಮೇಲೂ ಬಹಳ ವರ್ಷ ದೂರವಾಗಲಿಲ್ಲ.

ಹೋದದ್ದು ಇಷ್ಟು. ಅಣ್ಣಪ್ಪನವರ ಒಂದು ಬಡ್ತಿ. ಅದು ಮತ್ತೆ ಬರಲಿಲ್ಲ. ಊರಿಗೆ ಮರಳುವ ಒಂದು ಅವಕಾಶ. ಒಬ್ಬಳು ಅಜ್ಜಿ; ಅವಳು ಇನ್ನೂ ಆರು ವರ್ಷ ಬದುಕಿದಳು, ಫೋನಿನಲ್ಲಿ ಮೊಮ್ಮಗನ ಜೊತೆ ಒಂದು ಸಲವೂ ಮಾತಾಡಲಿಲ್ಲ.