ಬೋಲ್ಟಿನ ಮೇಲಿನ ಕೆಂಪು ಗೆರೆ

"ಈ ಬಿಲ್ಲು ನಮ್ಮಪ್ಪನ್ನ ಕೊಂದಿದೆ. ತಗೋ, ಈಗಾದ್ರೂ ಸರಿ ಮಾಡ್ಕೊಡು!"

ಸೆಲ್ಮಾ ಬಿಲ್ಲನ್ನು ಕುಕ್ಕಿದ ರಭಸಕ್ಕೆ ಕೌಂಟರಿನ ಮೇಲಿದ್ದ ಕಾಫಿ ಲೋಟ ಮಗುಚಿಕೊಂಡಿತು. ಆರ್ನಿ ಅದನ್ನು ಒರೆಸಲಿಲ್ಲ. ಎರಡು ವರ್ಷದ ಮೇಲೆ ಅವಳ ಮುಖ ಕಂಡಿದ್ದಾನೆ, ಕಾಫಿ ಯಾರಿಗೆ ಬೇಕು!

"ಹೇಗಿದೀಯಾ ಸೆಲ್ಮಾ?"

"ನನ್ನ ಯೋಗಕ್ಷೇಮ ನಿನಗ್ಯಾಕೆ? ನಾಡಿದ್ದು ಬೇಟೆ ಶುರು. ಅಪ್ಪ ಕೂರ್ತಿದ್ದ ಮರದ ಮೇಲೆ ಈ ಸಲ ನಾನು ಕೂರ್ತೀನಿ, ಇದೇ ಬಿಲ್ಲು ಹಿಡ್ಕೊಂಡು. ನೀನು ಮಾಡೋ ಒಂದೊಂದು ಕೆಲಸಾನೂ ನನ್ನ ಕಣ್ಣೆದುರಿಗೇ ಮಾಡ್ಬೇಕು. ನಿನ್ನ ನಂಬಿ ಒಂದ್ಸಲ ಕೆಟ್ಟಾಯ್ತು."

ಸರೋವರದ ಆಚೆ ದಂಡೆಯ ಊರಿನಲ್ಲಿ ಇನ್ನೊಂದು ಬಿಲ್ಲಂಗಡಿ ಇತ್ತು. ಹುಡುಗಿ ಅಲ್ಲಿಗೆ ಹೋಗದೆ ಇಲ್ಲಿಗೇ ಯಾಕೆ ಬಂದಳು? ಕೇಳಿದ್ದರೆ ಜಗಳವಾಡಲು ಎನ್ನುತ್ತಿದ್ದಳು. ಇರಲಿ, ಅವಳ ಮಾತನ್ನೇ ನಂಬೋಣ.

ಎರಡು ವರ್ಷದ ಹಿಂದೆ, ಆ ಚಳಿಗಾಲಕ್ಕೆಂದು ಇವರಿಬ್ಬರ ಮದುವೆ ನಿಶ್ಚಯವಾಗಿತ್ತು. ಅಷ್ಟರಲ್ಲಿ ಬೇಟೆಯ ಮೊದಲ ದಿನ ಬಂತು. ಅವಳ ಅಪ್ಪ ಐನಾರ್ ಬಿಟ್ಟ ಬಾಣ ಹೆಣ್ಣು ಜಿಂಕೆಯ ಎದೆಗೆ ಬೀಳದೆ ಹೊಟ್ಟೆಗೆ ಬಿತ್ತು. ಒಂದು ದಿನವೂ ಗುರಿ ತಪ್ಪದ ಕೈ ಅದು! ಗಾಯಗೊಂಡ ಪ್ರಾಣಿಯನ್ನು ನರಳಲು ಬಿಟ್ಟು ಮನೆಗೆ ಬರುವವನು ಆ ಸೀಮೆಯಲ್ಲಿ ಮನುಷ್ಯನೇ ಅಲ್ಲ. ಐನಾರ್ ರಕ್ತದ ಜಾಡು ಹಿಡಿದು ದೇವದಾರಿನ ಜವುಗಿನೊಳಗೆ ಹೋದ. ಮೊಣಕಾಲುದ್ದ ಕೆಸರು, ಕೊರೆಯುವ ನೀರು... ಹುಡುಕಿಕೊಂಡು ಹೋದವರಲ್ಲಿ ಅವನನ್ನು ಮೊದಲು ಕಂಡವನು ಆರ್ನಿ. ಸತ್ತ ಜಿಂಕೆಯ ಪಕ್ಕದಲ್ಲೇ ಮುದುಕನ ಎದೆಬಡಿತ ನಿಂತುಹೋಗಿತ್ತು.

ಹಿಂದಿನ ವಾರವಷ್ಟೇ ಆ ಬಿಲ್ಲನ್ನು ಹೊಂದಿಸಿಕೊಟ್ಟಿದ್ದವನೂ ಆರ್ನಿಯೇ.

ಮಣ್ಣು ಮಾಡಿ ಬಂದ ಮೇಲೆ, ಎಲ್ಲರೂ ಕಾಫಿ ಹಿಡಿದು ನಿಂತಿದ್ದಾಗ ಅವಳು ಕೇಳಿದ್ದಳು: "ನೀನು ಹೊಂದಿಸಿದ ಬಿಲ್ಲು ಸೊಟ್ಟ ಹೊಡೀತಾ?" ಅವನು ತಲೆ ತಗ್ಗಿಸಿ, "ಹೌದು, ನನ್ನದೇ ತಪ್ಪು" ಎಂದಿದ್ದ. ಅವಳು ನಿಶ್ಚಿತಾರ್ಥದ ಉಂಗುರ ಕಿತ್ತು ಅವನ ಕಾಫಿ ತಟ್ಟೆಯಲ್ಲಿ ಹಾಕಿ ನಡೆದಿದ್ದಳು.

"ಮೊದಲು ಇದನ್ನ ಇದ್ದ ಹಾಗೇ ಹೊಡೆದು ನೋಡೋಣ," ಎಂದಳು ಈಗ, ಹಿತ್ತಲಿನ ಗುರಿಯ ಕಡೆ ನಡೆಯುತ್ತಾ.

"ಬೇಡ, ಮೊದಲು ನಾನು ಸ್ವಲ್ಪ ಸಡಿಲ..."

"ಇದ್ದ ಹಾಗೇ ಅಂದೆ!"

ಅವಳು ದಾರ ಎಳೆದಳು. ಅಬ್ಬಾ! ಎರಡು ವರ್ಷ ಮರದ ಮಿಲ್ಲಿನಲ್ಲಿ ಹಲಗೆ ಹೊತ್ತು ಗಟ್ಟಿಯಾದ ತೋಳು ಗಡಗಡ ನಡುಗಿತು. ಹಲ್ಲು ಕಚ್ಚಿ ಹಿಡಿದು ಅಭ್ಯಾಸದ ಬಾಣ ಬಿಟ್ಟಳು. ಗುರಿಯ ನಟ್ಟನಡುವೆ ನಾಟಿತು. ಮತ್ತೆ ಬೇಟೆಯ ಬಾಣ ಹೂಡಿದಳು, ತುದಿಗೆ ಬ್ಲೇಡು ಇರುವುದು. ಅದೇ ನಿಲುವು, ಅದೇ ಗುರಿ. ಬಾಣ ಬಾಲ ಅಲ್ಲಾಡಿಸುತ್ತಾ ಹೋಗಿ ಒಂದು ಗೇಣು ಎಡಕ್ಕೆ ಬಿತ್ತು.

"ನೋಡು! ಕಣ್ಣು ಬಿಟ್ಟು ನೋಡು! ಬ್ಲೇಡಿಗೆ ಗಾಳಿ ಹಿಡಿಯುತ್ತೆ, ಬಿಲ್ಲಲ್ಲಿ ಕೂದಲೆಳೆ ತಪ್ಪಿದ್ರೂ ತೋರಿಸಿಬಿಡುತ್ತೆ ಅಂತ ನನಗೆ ಹೇಳ್ಕೊಟ್ಟೋನು ನೀನೇ ಅಲ್ವಾ? ಎರಡೂ ಬಾಣ ಒಂದೇ ಕಡೆ ಬೀಳೋವರೆಗೂ ಬಿಲ್ಲನ್ನ ಮನೆಗೆ ಕಳಿಸಲ್ಲ ಅಂತಿದ್ದೆ!"

"ಹೌದು. ನನ್ನದೇ ತಪ್ಪು. ಕೊಡಿಲ್ಲಿ."

ಅವನು ಬೋಲ್ಟು ತಿರುಗಿಸುವ ಅಲೆನ್ ಕೀ ಹಿಡಿದು ಕೈ ಚಾಚಿದ. ಆ ಕೈಯಲ್ಲೊಂದು ಅವಸರವಿತ್ತು. ನಿಧಾನಕ್ಕೆ ಇನ್ನೊಂದು ಹೆಸರೇ ಆರ್ನಿ, ಅವನಿಗೇನು ಅವಸರ? ಸೆಲ್ಮಾ ಬಿಲ್ಲನ್ನು ಹಿಂದಕ್ಕೆಳೆದುಕೊಂಡಳು. ಆಗ ಕಂಡಿತು...

ಬಿಲ್ಲಿನ ತೋಳನ್ನು ಬಿಗಿಯುವ, ಬಿಗಿದಷ್ಟೂ ಎಳೆಯಲು ಭಾರವಾಗಿಸುವ ಬೋಲ್ಟಿನ ತಲೆಯ ಮೇಲೊಂದು ಕೆಂಪು ಗೆರೆ, ಪಕ್ಕದಲ್ಲಿ ತೋಳಿನ ಮೇಲೊಂದು. ಅವಳದೇ ಉಗುರು ಬಣ್ಣ! "ಬಿಲ್ಲಿಗೂ ಶೃಂಗಾರ ಮಾಡು" ಎಂದು ಚೇಷ್ಟೆಗೆ ಕೊಟ್ಟ ಸೀಸೆಯಿಂದ ಅವನು ಗೆರೆ ಎಳೆಯುತ್ತಿದ್ದ. ಬಿಲ್ಲು ಹೊಂದಿಸಿ ಮುಗಿದ ಮೇಲೆ ಎರಡು ಗೆರೆಯೂ ಎದುರುಬದುರು ನಿಲ್ಲಬೇಕು. ಆಮೇಲೆ ಯಾರಾದರೂ ತಿರುಗಿಸಿದರೆ ತಿಳಿಯಲಿ ಅಂತ.

ಗೆರೆಗಳು ಎದುರುಬದುರು ಇರಲಿಲ್ಲ. ಕೆಳಗಿನ ಬೋಲ್ಟಿನಲ್ಲೂ ಇಲ್ಲ.

ಸೆಲ್ಮಾ ಅವನ ಕೈಯಿಂದ ಕೀ ಕಿತ್ತುಕೊಂಡು ಗೆರೆ ಕೂಡುವವರೆಗೆ ಎರಡೂ ಬೋಲ್ಟು ಸಡಿಲಿಸಿದಳು.

"ಇನ್ನೊಂದು ಸುತ್ತು ಸಡಿಲ ಆಗ್ಬೇಕು," ಎಂದ ಆರ್ನಿ. ಎಂದವನೇ ತುಟಿ ಕಚ್ಚಿಕೊಂಡ.

"ಏನಂದೆ? ನಿನಗೆ ಹೇಗೆ ಗೊತ್ತು?"

ಅವನು ಹೋಗಿ ಗುರಿಯಿಂದ ಎರಡೂ ಬಾಣ ಕಿತ್ತು ತಂದ.

ಅಷ್ಟರಲ್ಲಿ ಅವಳು ಎರಡೂ ಬೋಲ್ಟನ್ನು ಇನ್ನೊಂದು ಸುತ್ತು ಬಿಟ್ಟಳು. ದಾರ ಈಗ ಹಗುರವಾಗಿ ಬಂತು. ಒಂದು ಬಾಣ, ಇನ್ನೊಂದು ಬಾಣ. ಎರಡೂ ನಡುವಿಗಿಂತ ಕೆಳಗೆ ಬಿದ್ದವು, ಆದರೆ ಅಣ್ಣತಮ್ಮಂದಿರ ಹಾಗೆ ಒಂದಕ್ಕೊಂದು ಅಂಟಿಕೊಂಡು.

"ನೀನು ಸರಿಯಾಗೇ ಹೊಂದಿಸಿದ್ದೆ... ಅಲ್ವಾ? ಆಮೇಲೆ ಬಿಗಿ ಮಾಡಿದ್ದು ಅಪ್ಪ. ಆರ್ನಿ, ಬಾಯಿ ಬಿಡು!"

"ಅವರ ಭುಜ ಹೋಗಿತ್ತು ಕಣೆ," ಎಂದ ಆರ್ನಿ. "ಹಳೇ ಬಿಗೀಲಿ ಎಳೆಯೋಕೆ ಆಗ್ತಿರಲಿಲ್ಲ. ಕದ್ದು ಬಂದು ಸಡಿಲ ಮಾಡಿಸ್ಕೊಂಡ್ರು. ಆ ಸಡಿಲಕ್ಕೆ ತಕ್ಕ ಬಾಣಾನೂ ಮಾಡ್ಕೊಟ್ಟಿದ್ದೆ, ಬಿಗಿ ಹೆಚ್ಚಾದ್ರೆ ಅದು ಅಡ್ಡ ಹೋಗುತ್ತೆ. ಸೆಲ್ಮಾಗೆ ಗೊತ್ತಾಗ್ಬಾರ್ದು ಅಂತ ಆಣೆ ಹಾಕಿಸ್ಕೊಂಡ್ರು. ಜವುಗಲ್ಲಿ ಸಿಕ್ಕಾಗ ಬಿಲ್ಲು ನನ್ನ ಕೈಗೇ ಬಂತು. ಗೆರೆ ನೋಡಿದೆ. ಬಿಗಿ ಮಾಡಿ, ಅಭ್ಯಾಸದ ಬಾಣದಲ್ಲಿ ಮಾತ್ರ ಗುರಿ ಸರಿ ಮಾಡ್ಕೊಂಡಿದ್ದಾರೆ, ಅದು ನಡುವಿಗೇ ಬಿದ್ದಿರುತ್ತೆ. ಬ್ಲೇಡು ಹಾಕಿ ಹೊಡೆದು ನೋಡಿಲ್ಲ."

"ಮತ್ತೆ ಯಾಕೆ ಬಿಗಿ ಮಾಡ್ದ? ಭುಜ ಹೋದೋನು..."

 ಉತ್ತರ ಅವಳಿಗೇ ಗೊತ್ತಿತ್ತು.

ಪ್ರತಿ ವರ್ಷ ಬೇಟೆಯ ಹಿಂದಿನ ದಿನ ಅಪ್ಪನ ಬಿಲ್ಲನ್ನು ಎಳೆಯಲು ಹೋಗಿ ಸೋಲುವುದು ಅವಳ ಆಟ. ಚಿಕ್ಕಂದಿನಿಂದ ನಡೆದುಬಂದದ್ದು. ಅವಳು ಏದುಸಿರು ಬಿಟ್ಟು ಕುಸಿಯಬೇಕು, ಅಪ್ಪ ಹೊಟ್ಟೆ ಹಿಡಿದು ನಗಬೇಕು. ಆ ವರ್ಷವೂ ಸೋತಿದ್ದಳು. "ನಿನ್ನಂಥ ಗಂಡಸು ಈ ಊರಲ್ಲೇ ಇಲ್ಲಪ್ಪ!" ಎಂದು ಅವನ ಕೆನ್ನೆಗೆ ಮುತ್ತಿಟ್ಟಿದ್ದಳು.

"ನಾನು ಸೋಲ್ಲಿ ಅಂತ..." ಸೆಲ್ಮಾ ಒಣಹುಲ್ಲಿನ ಮೇಲೆ ಕುಸಿದಳು. "ನನ್ನ ಕಣ್ಣಲ್ಲಿ ಚಿಕ್ಕೋನಾಗ್ಬಾರ್ದು ಅಂತ... ಅಯ್ಯೋ ಅಪ್ಪಾ! ನೀನು ಬಿಲ್ಲು ಎತ್ತಕ್ಕಾಗದೇ ಇದ್ರೂ ನನಗೆ ನೀನೇ ದೊಡ್ಡೋನಲ್ವೇನೋ..."

ಬಿಲ್ಲನ್ನು ತಬ್ಬಿಕೊಂಡು ಅವಳು ಬಿಕ್ಕಿ ಬಿಕ್ಕಿ ಅತ್ತಳು. ಆರ್ನಿ ಪಕ್ಕದಲ್ಲಿ ಕೂತ, ಮುಟ್ಟಲಿಲ್ಲ. ಮುಟ್ಟುವ ಹಕ್ಕು ಉಂಗುರದ ಜೊತೆಗೇ ಹೋಯಿತೆಂದು ನಂಬಿದ್ದ ಪಾಪದವನು.

"ಅವತ್ತೇ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಅಪ್ಪನ ಜೊತೆಗಿನ ಆ ಬಿಲ್ಲೆಳೆಯೋ ಆಟ ನಿನಗೆ ಆವಾಗ್ಲೇ ನೆನಪಾಗ್ತಿತ್ತು. ಜೀವಮಾನವೆಲ್ಲ ನಿನ್ನನ್ನೇ ನೀನು ಶಪಿಸ್ಕೊಳ್ತಿದ್ದೆ. ಅದರ ಬದಲು ನನ್ನನ್ನ ಶಪಿಸ್ಲಿ, ನಾನು ತಡ್ಕೋತೀನಿ ಅಂದ್ಕೊಂಡೆ."

"ತಡ್ಕೊಂಡ್ಯಾ?"

"ಇಲ್ಲ ಕಣೆ," ಎಂದ ಆರ್ನಿ. ಅಷ್ಟು ದೊಡ್ಡ ಗಂಡಸು ಅಂಗೈಯಲ್ಲಿ ಮುಖ ಮುಚ್ಚಿಕೊಂಡ.

ಅವಳು ಅವನ ಕೈಗಳನ್ನು ಮುಖದಿಂದ ಬಿಡಿಸಿದಳು. ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಒಂದಿಷ್ಟು ಕೆಂಪು ಇತ್ತು. ಅದೇ ಕೆಂಪು.

"ಇನ್ನೂ ಅದೇ ಸೀಸೇನಾ?"

"ಒಣಗೋಗಿದೆ. ಕಡ್ಡೀಲಿ ಕೆರೆದೂ ಕೆರೆದೂ ಹಚ್ತೀನಿ. ಬೇರೆ ಬಣ್ಣ ತರೋಕೆ ಮನಸ್ಸಾಗ್ಲಿಲ್ಲ."

ಅವಳು ಕಣ್ಣೀರಿನ ನಡುವೆಯೇ ನಕ್ಕುಬಿಟ್ಟಳು. ಮರುಕ್ಷಣ ಮತ್ತೆ ಅಳು ಒತ್ತರಿಸಿತು. ಅಪ್ಪನಿಲ್ಲದ ಎರಡು ಚಳಿಗಾಲ, ಇವನೂ ಇಲ್ಲದ ಎರಡು ಚಳಿಗಾಲ...

"ಇನ್ಮೇಲೆ ನನ್ನ ಪಾಲಿನ ನೋವು ನನಗೆ ಕೊಡು ಆರ್ನಿ. ಬಚ್ಚಿಡ್ಬೇಡ."

"ಇಲ್ಲ. ಆಣೆ."

"ಆಣೆ ಮಾತು ಎತ್ಬೇಡ! ಒಂದು ಆಣೆ ಕಟ್ಕೊಂಡು ಪಟ್ಟಿದ್ದೇ ಸಾಕು." ಅವಳು ಮೂಗು ಒರೆಸಿಕೊಂಡು ಎದ್ದಳು, ಬಿಲ್ಲನ್ನು ಅವನ ತೊಡೆಯ ಮೇಲಿಟ್ಟಳು. "ಇದರ ಬಿಗಿ ಮುಟ್ಬೇಡ. ಅಪ್ಪನ ಕೈಗೆ ನೀನು ಹೊಂದಿಸಿದ್ದು ಹಾಗೇ ಇರ್ಲಿ, ಗುರಿ ಮಾತ್ರ ನನ್ನ ಕಣ್ಣಿಗೆ ಸರಿ ಮಾಡು. ನಾಳೆ ಶನಿವಾರ, ಹಬೆ ಸ್ನಾನಕ್ಕೆ ಸೌನಾ ಕಾಯಿಸ್ತೀನಿ. ಆಮೇಲೆ ಕಾಫಿ. ತಗೊಂಡು ಮನೇಗೇ ಬಾ."

"ಬಿಲ್ಲು ತಗೊಂಡಾ?"

"ಬಿಲ್ಲೂ... ಉಂಗುರಾನೂ. ಇಟ್ಕೊಂಡಿದೀಯಾ ತಾನೇ?"

ಆರ್ನಿ ಅಂಗಿಯೊಳಗಿಂದ ಒಂದು ದಾರ ಎಳೆದು ತೋರಿಸಿದ. ಹಳೇ ಬಿಲ್ಲಿನ ದಾರದ ತುಂಡು. ಉಂಗುರ ಅದರಲ್ಲೇ ಇತ್ತು.