ಹೆಬ್ಬೆಟ್ಟಿನ ಹೇಳಿಕೆ

"ಠಾಣೇಲಿ ಎರಡು ದಿನದಿಂದ ಕೂಡಿಹಾಕಿ ಹೊಡೀತಿದಾರಂತೆ. ತಂಗಿ ಒಪ್ಕೊಂಡು ಹೆಬ್ಬೆಟ್ಟು ಒತ್ತಿದಾಳಂತೆ, ಲಾಯರಮ್ಮ," ಎನ್ನುತ್ತ ಆಯಾಳ ಅಕ್ಕ ಹೇಳಿಕೆಯ ನಕಲನ್ನು ಮೇಜಿನ ಮೇಲಿಟ್ಟು ಬಿಕ್ಕಿದಳು.

ಹದಿನೆಂಟು ವರ್ಷದಿಂದ ವಕೀಲರ ಬಳಿ ಟೈಪಿಸ್ಟ್ ಆಗಿದ್ದವಳು ಅದನ್ನು ಗಟ್ಟಿಯಾಗಿ ಓದಿದಳು. ಲಕ್ವ ಹೊಡೆದು ಮಾತು ನಿಂತ ಅಜ್ಜಿಯೊಬ್ಬರನ್ನು ಈ ಆಯಾ ನೋಡಿಕೊಳ್ಳುತ್ತಿದ್ದಳು. ಬೀರುವಿನಲ್ಲಿದ್ದ ಅಮ್ಮನ ಚಿನ್ನದ ಸರವನ್ನು ಅವಳೇ ಕದ್ದಳೆಂದು ಅಜ್ಜಿಯ ಮಗ ದೂರು ಕೊಟ್ಟಿದ್ದ. ಹೇಳಿಕೆಯಲ್ಲಿ ಮಾತ್ರ, 'ಬುಟ್ಟಿಯ ಬೂದು ಉಣ್ಣೆಯ ಉಂಡೆ ಬಿಚ್ಚಿ ಒಳಗಿದ್ದ ಸರ ತೆಗೆದೆ, ಯಾರಿಗೋ ಮಾರಿದೆ' ಎಂದಿತ್ತು.

"ಇಷ್ಟು ವಿವರ ಹೇಳಿದಾಳೆ ಅಂದ್ರೆ, ತೆಗೆದೇ ಇರಬೇಕು ಮೇಡಂ," ಟೈಪಿಸ್ಟ್ ರಾಗ ಎಳೆದಳು.

ವಕೀಲರು ಕನ್ನಡಕ ತೆಗೆದರು. "ತೆಗೆದಿದ್ರೆ? ಕದ್ದವಳಾದ್ರೆ ಹೊಡೀಬಹುದಾ? ಎರಡು ದಿನ ಲಾಯರನ್ನ ಕಾಣೋಕೆ ಬಿಡದೆ ಕೂಡಿಹಾಕಬಹುದಾ?" ಆಮೇಲೆ ಅಕ್ಕನ ಕಡೆ ತಿರುಗಿದರು. "ನಿನ್ನ ತಂಗಿಗೆ ಓದು ಬರಹ ಬರುತ್ತೇನಮ್ಮ?"

"ಬರದೇ ಏನು! ಜ್ವರ, ಬಿಪಿ, ಔಷಧಿ, ಎಲ್ಲಾ ಗಂಟೆಗೊಂದ್ಸಲ ಬರೆದಿಡ್ತಾಳೆ. ಮುತ್ತಿನಂಥ ಅಕ್ಷರ."

"ಹಾಗಿದ್ರೆ ಹೆಬ್ಬೆಟ್ಟು ಯಾಕೆ?"

ಉತ್ತರ ಠಾಣೆಯಲ್ಲಿ ಸಿಕ್ಕಿತು. ಆಯಾಳ ಬಲಗೈ ಬೆರಳುಗಳು ಊದಿಕೊಂಡು ಕಪ್ಪಿಟ್ಟಿದ್ದವು. "ಪೆನ್ನು ಹಿಡಿಯೋಕಾಗ್ಲಿಲ್ಲ ಲಾಯರಮ್ಮ. ಒತ್ತು ಅಂದ್ರು, ಒತ್ತಿದೆ. ಉಣ್ಣೆ ಉಂಡೆ ವಿಷಯ ದೇವರಾಣೆ ನಂಗೊತ್ತಿಲ್ಲ."

ತಾನು ರಾಗ ಎಳೆದ ಮಾತು ನೆನೆದು ಟೈಪಿಸ್ಟ್ ಆ ಬೆರಳುಗಳಿಂದ ಕಣ್ಣು ಹೊರಳಿಸಿದಳು.

ಅಲ್ಲಿಂದ ಅವರು ಅಜ್ಜಿಯ ಮನೆಗೆ ಹೋದರು. ಮಗ ಹಗಲೆಲ್ಲ ಅಂಗಡಿಯಲ್ಲಿ. ಮನೆಯಲ್ಲಿ ಅಜ್ಜಿ, ಸೊಸೆ ಇಬ್ಬರೇ. ಬೀರುವಿನ ಬೀಗ ಒಡೆದಿರಲಿಲ್ಲ. ಕೀಲಿ ಸದಾ ಮಗನ ಜೇಬಿನಲ್ಲಿ. ಕೋಣೆಯ ಬುಟ್ಟಿಯಲ್ಲಿ, ಲಕ್ವ ಹೊಡೆಯುವ ಮೊದಲು ಅಜ್ಜಿ ಹೆಣಿಗೆಗೆಂದು ಸುತ್ತಿಟ್ಟ ಉಣ್ಣೆಯ ಉಂಡೆಗಳಿದ್ದವು. ತಾನೂ ಹೆಣಿಗೆ ಬಲ್ಲ ಟೈಪಿಸ್ಟ್ ಒಂದೊಂದನ್ನೇ ಒತ್ತಿ ನೋಡಿದಳು. ಎಲ್ಲವೂ ಹಗುರವಾಗಿ, ಸಡಿಲವಾಗಿ ಸುತ್ತಿದಂಥವು. ಬೂದು ಉಂಡೆಯೊಂದೇ ಕಲ್ಲಿನಂತೆ ಬಿಗಿ.

"ಇದನ್ನ ಸುತ್ತಿದ ಕೈ ಬೇರೆ, ಮೇಡಂ," ಎಂದು ಪಿಸುಗುಟ್ಟಿದಳು.

ಮರುದಿನ ಬೆಳಿಗ್ಗೆ ವಕೀಲರು ಎಲ್ಲರನ್ನೂ ಅಜ್ಜಿಯ ಕೋಣೆಗೆ ಕರೆಸಿದರು. ಆಯಾಳ ಕೈಯ ಬಗ್ಗೆ ಡಾಕ್ಟರು ಕೊಟ್ಟ ವರದಿ ನ್ಯಾಯಾಧೀಶರಿಗೆ ಹೋಗುತ್ತದೆ ಎಂದೊಡನೆ, ಠಾಣೆಯಲ್ಲಿ ಹೇಳಿಕೆ ಬರೆಯುವ ರೈಟರ್ ಕೂಡ ಬೆವರೊರೆಸಿಕೊಳ್ಳುತ್ತ ಬಂದ.

ವಕೀಲರು ಅಜ್ಜಿಯ ಪಕ್ಕ ಕೂತರು. "ಅಮ್ಮಾ, ಹೌದಾದ್ರೆ ಒಂದ್ಸಲ ಕಣ್ಮುಚ್ಚಿ, ಇಲ್ಲ ಅಂದ್ರೆ ಎರಡು ಸಲ. ಸರಾನ ಉಣ್ಣೆ ಉಂಡೆಯೊಳಗೆ ನೀವೇ ಸುತ್ತಿಟ್ಟಿದ್ರಾ?"

ಒಂದು ಸಲ.

"ಯಾರಿಗಾದ್ರೂ ಹೇಳಿದ್ರಾ?"

ಎರಡು ಸಲ.

ಮಗ ಬಾಯಿ ತೆರೆದು ನಿಂತ. "ಬೀರುವಿನಲ್ಲೇ ಇದೆ ಅಂದ್ಕೊಂಡಿದ್ದೆ..."

"ಹೌದು, ನಿಮ್ಮ ದೂರಲ್ಲೂ ಹಾಗೇ ಇದೆ. ಅಂದ್ರೆ ಉಂಡೆ ವಿಷಯ ನಿಮಗೆ ಗೊತ್ತಿರಲಿಲ್ಲ." ವಕೀಲರು ರೈಟರ್ ಕಡೆ ತಿರುಗಿದರು. "ಆಯಾಗೆ ಗೊತ್ತಿಲ್ಲ, ಮಗನಿಗೆ ಗೊತ್ತಿಲ್ಲ, ನಿಮಗೆ ಹೇಗೆ ಗೊತ್ತಾಯ್ತು ಸ್ವಾಮಿ? ಒಂದೋ ಕದ್ದವರು ನೀವೇ, ಇಲ್ಲ ಕದ್ದವರು ನಿಮಗೆ ಹೇಳಿದಾರೆ. ಯಾವುದು ಬೇಕೋ ಆರಿಸ್ಕೊಳ್ಳಿ."

"ಅಯ್ಯೋ ಮೇಡಂ! 'ಎಲ್ಲಿಂದ, ಹೇಗೆ' ಅನ್ನೋದು ಖಾಲಿ ಇದ್ರೆ ಸಾಹೇಬ್ರು ಹೇಳಿಕೆ ವಾಪಸ್ ಎಸೀತಾರೆ. ಬೀಗ ಒಡೆದಿಲ್ಲ, ಕೀಲಿ ಯಜಮಾನರ ಹತ್ರ. ಅದಕ್ಕೇ ಈ ಮನೆಗೆ ಫೋನ್ ಮಾಡಿ ಕೇಳಿದೆ. ಅಮ್ಮಾವ್ರು ಹೇಳಿದ್ರು, ಬರ್ಕೊಂಡೆ."

ಎಲ್ಲರೂ ಸೊಸೆಯನ್ನು ನೋಡಿದರು.

"ಸರ ಬೀರುವಿನಿಂದ ಹೋಯ್ತು ಅಂದ್ರೆ ಅನುಮಾನ ಕೀಲಿ ಇದ್ದ ಮನೆಯವರ ಮೇಲೆ. ಅದಕ್ಕೆ ಹೆದರಿ ನಿಜವಾದ ಜಾಗ ಹೇಳಿಬಿಟ್ರಿ. ಉಂಡೆ ಬಿಚ್ಚಿದ್ದು ನೀವು, ಬಿಗಿಯಾಗಿ ಮತ್ತೆ ಸುತ್ತಿದ್ದೂ ನೀವು," ವಕೀಲರೆಂದರು.

ಸೊಸೆ ಒಳಗೆ ಹೋಗಿ ಹೊಲಿಗೆ ಮಿಷನ್ನಿನ ಡ್ರಾಯರಿನಿಂದ ಸರ ತಂದಿಟ್ಟಳು. "ಹೆಣೆಯೋಣ ಅಂತ ಉಂಡೆ ಬಿಚ್ಚಿದಾಗ ಸಿಕ್ತು. ಈ ಮನೇಲಿ ಒಂದು ಕೀಲಿ ಕೂಡ ನನ್ನ ಕೈಗೆ ಕೊಟ್ಟಿಲ್ಲ. ನನ್ನದು ಅಂತ ಏನಾದ್ರೂ ಒಂದು ಬೇಕಿತ್ತು."

ಆ ದನಿಯನ್ನು ಟೈಪಿಸ್ಟ್ ಬಲ್ಲಳು. ತನ್ನ ಮನೆಯಲ್ಲೂ ಕೇಳಿದ್ದಳು. ಕರಗಬೇಕಾದ ಎದೆ ಈ ಸಲ ಕರಗಲಿಲ್ಲ. "ಆಯಾಗೆ ತನ್ನದು ಅಂತ ಇದ್ದದ್ದು ಆ ಕೈ ಒಂದೇ ಅಲ್ವೇನಮ್ಮ?" ಎಂದುಬಿಟ್ಟಳು.

ಸಂಜೆ ಆಯಾ ಬಿಡುಗಡೆಯಾಗಿ ಕಚೇರಿಗೆ ಬಂದಳು. ಹೊಡೆದವರ ಮೇಲೆ ದೂರು ಬರೆಯಬೇಕಿತ್ತು. ಟೈಪಿಸ್ಟ್ ಯಂತ್ರಕ್ಕೆ ಹಾಳೆ ಸಿಕ್ಕಿಸಿ, "ನೀನು ಹೇಳ್ತಾ ಹೋಗಮ್ಮ, ನಾನು ಹೊಡೀತೀನಿ," ಎಂದಳು.

"ಬೇಡಕ್ಕ. ಒಂದ್ಸಲ ಬೇರೆಯವರು ಬರೆದಿದ್ದು ಸಾಕು."

ಟೈಪಿಸ್ಟ್ ಹಾಳೆಯನ್ನು ಎಳೆದು ಅವಳ ಮುಂದಿಟ್ಟಳು. ಆಯಾ ಎಡಗೈಯಲ್ಲಿ ಪೆನ್ನು ಹಿಡಿದಳು. ಮುತ್ತಿನಂಥ ಅಕ್ಷರಗಳಲ್ಲ, ಸೊಟ್ಟಸೊಟ್ಟ. ಆದರೂ ರೋಗಿಯ ಚಾರ್ಟಿನಲ್ಲಿ ಬರೆಯುವಂತೆ ಮೊದಲು ವೇಳೆಯನ್ನೇ ಬರೆದಳು: 'ಬೆಳಿಗ್ಗೆ ಹತ್ತು ಗಂಟೆ. ಮೊದಲನೇ ಏಟು.'